ಸಕುಟುಂಬವಾಗಿ: ಜೊತೆಗೆ ಹೋದವರ ಚರಿತ್ರೆಯನ್ನು ಕುರಿತು ಒಂದು ವಿಮರ್ಶೆ

೧

ಶಿಕಾರಿಪುರ ತಾಲ್ಲೂಕಿನ ಈಸೂರು ಚರಿತ್ರೆಯಲ್ಲಿ ಹೆಸರಾದುದು ಊರನ್ನು ಬಿಟ್ಟುಕೊಡದ ಛಲದಿಂದ. ೧೯೪೨ರ ಸೆಪ್ಟೆಂಬರ್ ತಿಂಗಳಲ್ಲಿ ಅಲ್ಲಿಯ ಜನ ತಮ್ಮ ಗ್ರಾಮ ಸ್ವತಂತ್ರವಾಯಿತೆಂದು ಸಾರಿ, ವೀರಭದ್ರ ದೇವಾಲಯದ ಮೇಲೆ ಧ್ವಜವನ್ನೇರಿಸಿ, ತಮ್ಮದೇ ಆದ ಆಡಳಿತವನ್ನು ಹೂಡಿದರು. ಏಸು ಊರುಗಳನ್ನು ಕೊಟ್ಟರೂ ಈಸೂರನ್ನು ಕೊಡೆವೆಂಬ ಮಾತು ಅಂದಿನಿಂದ ಜನರ ನಾಲಗೆಯ ಮೇಲೆ ನಿಂತಿದೆ. ಆ ತಿಂಗಳ ಕೊನೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಊರಿನಲ್ಲಿ ಹತರಾದುದು, ಸೈನ್ಯ ಬಂದುದು, ಜನ ಕಾಡು ಸೇರಿದುದು, ೧೯೪೩ರ ಮಾರ್ಚ್ ತಿಂಗಳಲ್ಲಿ ಐವರು ಗಲ್ಲಿಗೇರಿದುದು, ಇವೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಗಳೇ ಆಗಿವೆ.

ಇಂಥ ಊರಿನ ಮತ್ತು ಅದರ ಸುತ್ತಣ ಸೀಮೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಊರಿನಲ್ಲಿ ನಿಂತವರ ಕಥೆ ಬೇಗ ಕೈಗೆ ಸಿಗುತ್ತದೆ. ಊರು ಬಿಟ್ಟವರ ಕಥೆ ಅಷ್ಟು ಬೇಗ ಸಿಗುವುದಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ಸಿದ್ಧಪಡಿಸುವ ಗ್ರಾಮಚರಿತ್ರೆಗಳಲ್ಲಿ ಊರು ಬಿಟ್ಟವರಿಗೆ ಮೀಸಲಾದ ಸ್ಥಳ ಸಾಮಾನ್ಯವಾಗಿ ಕಡೆಯ ಅಧ್ಯಾಯ. ಅಲ್ಲಿ ಒಂದು ಪಟ್ಟಿ ಇರುತ್ತದೆ. ಹೊರಗೆ ಹೋಗಿ ಹೆಸರು ಗಳಿಸಿದವರ ನಾಮಧೇಯ, ಪದವಿ, ಹುದ್ದೆ, ಸೇರಿದ ದೇಶ ಇವನ್ನು ಕೊಟ್ಟು, ‘ಇವರು ಸಕುಟುಂಬವಾಗಿ ಅಲ್ಲಿಯೇ ನೆಲೆಸಿರುವರು’ ಎಂದು ಮುಗಿಸುವುದು ವಾಡಿಕೆ. ಪ್ರಸ್ತುತ ಲೇಖನ ‘ಸಕುಟುಂಬವಾಗಿ’ ಎಂಬ ಈ ಒಂದು ಪದವನ್ನು ಕುರಿತದ್ದು.

ಸಂಗಾತಿಯ ಉದ್ಯೋಗನಿಮಿತ್ತ ಮಕ್ಕಳೊಡನೆ ಪರದೇಶಕ್ಕೆ ಹೋಗುವ ಸಂಸಾರದಲ್ಲಿ ಹುದ್ದೆ ಇರುವುದು ಒಬ್ಬರಿಗೆ; ಊರು ಬಿಡುವವರು ಮೂವರು ಅಥವಾ ನಾಲ್ವರು. ಒಬ್ಬರು ಒಂದು ಕೆಲಸಕ್ಕೆ ಸೇರುತ್ತಾರೆ. ಇನ್ನೊಬ್ಬರು ಬಹುಶಃ ಒಂದು ಕೆಲಸವನ್ನು ಬಿಡುತ್ತಾರೆ. ಮಕ್ಕಳು ಶಾಲೆಯನ್ನೂ ಗೆಳೆಯರನ್ನೂ ಅಜ್ಜಿಯ ಮನೆಯನ್ನೂ ಒಮ್ಮೆಗೇ ಬಿಡುತ್ತಾರೆ. ಈ ಮೂರು ಬಗೆಯ ನಿರ್ಗಮನಗಳು ಒಂದೇ ವಿಮಾನದಲ್ಲಿ ನಡೆದರೂ ಒಂದೇ ಘಟನೆಯಲ್ಲ. ‘ಸಕುಟುಂಬ’ವೆಂಬ ಪದ ಈ ಮೂರನ್ನೂ ಮೊದಲನೆಯದರೊಳಗೆ ಅಡಗಿಸಿಬಿಡುತ್ತದೆ. ನಮ್ಮ ಭಾಷೆಯ ಹಳೆಯ ಬಳಕೆಯೂ ಇದಕ್ಕೆ ನೆರವಾಗಿದೆ. ‘ಅವರ ಕುಟುಂಬ’ ಎಂದರೆ ಅವರ ಹೆಂಡತಿ ಎಂದೇ ಹಿಂದಿನವರು ಅರ್ಥಮಾಡುತ್ತಿದ್ದರು. ಹೆಸರು ಹಿಡಿಯದಿರುವುದು ಮರ್ಯಾದೆ ಎನಿಸಿತ್ತು. ಆ ಮರ್ಯಾದೆ ಮನೆಯ ಜಗುಲಿಯ ಮೇಲೆ ಒಪ್ಪಬಹುದು. ಚರಿತ್ರಕಾರನ ಪುಟದಲ್ಲಿ ಅದು ಲೋಪವಾಗುತ್ತದೆ.

ನಮ್ಮ ವಾದವನ್ನು ಮೊದಲೇ ಸ್ಪಷ್ಟಪಡಿಸುವುದು ಉಚಿತ. ನಮ್ಮ ಚರಿತ್ರಲೇಖನ ಹುದ್ದೆಯನ್ನು ಹಿಂಬಾಲಿಸಿಕೊಂಡು ನಡೆಯುತ್ತದೆ. ಆದುದರಿಂದ ಹುದ್ದೆಯಿಲ್ಲದೆ ಜೊತೆಗೆ ಹೋದವರು ಅದರ ಕಣ್ಣಿಗೆ ಬೀಳುವುದಿಲ್ಲ. ಈ ದೋಷಕ್ಕೆ ಆಧಾರಗಳ ಅಭಾವಕ್ಕಿಂತ ಅವನ್ನು ಓದುವ ಕ್ರಮವೇ ಹೆಚ್ಚು ಕಾರಣ. ಇದನ್ನು ಈಸೂರಿನ ಆಸುಪಾಸಿನ ಆಧಾರಗಳಿಂದಲೇ ತೋರಿಸಲು ಸಾಧ್ಯವೆಂದು ನಾವು ಭಾವಿಸುತ್ತೇವೆ.

೨

ಮೊದಲು ಈಸೂರನ್ನೇ ನೋಡೋಣ. ೧೯೪೨ರ ಆ ಗ್ರಾಮಸರ್ಕಾರದಲ್ಲಿ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂಬ ಹುದ್ದೆಗಳಿಗೆ ಅಪ್ರಾಪ್ತ ವಯಸ್ಸಿನ ಬಾಲಕರನ್ನು ನೇಮಿಸಿದ್ದರೆಂಬುದು ಪ್ರಸಿದ್ಧವಾದ ವಿಷಯ. ಮಕ್ಕಳ ಮೇಲೆ ಕಾನೂನಿನ ಕೈ ಸುಲಭವಾಗಿ ಬೀಳದೆಂಬ ಎಣಿಕೆ ಇದರ ಹಿಂದೆ ಇತ್ತೆಂದು ಹೇಳುತ್ತಾರೆ. ಈ ಬಾಲಕರ ಹೆಸರುಗಳು ಗ್ರಂಥಗಳಲ್ಲಿ ಉಳಿದುವು. ಅದೇ ದಿನಗಳಲ್ಲಿ ಸೈನ್ಯಕ್ಕೆ ಹೆದರಿ ತಾಯಂದಿರ ಸೆರಗು ಹಿಡಿದು ಕಾಡಿಗೆ ಹೋದ ಮಕ್ಕಳ ಹೆಸರುಗಳು ಹಾಗೆ ಉಳಿಯಲಿಲ್ಲ. ಎರಡು ಗುಂಪಿನವರೂ ಒಂದೇ ಊರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳು. ವ್ಯತ್ಯಾಸವಿದ್ದುದು ಒಂದರಲ್ಲಿ: ಮೊದಲಿನವರಿಗೆ ಹುದ್ದೆಯಿತ್ತು, ಎರಡನೆಯವರಿಗೆ ಇರಲಿಲ್ಲ. ಸರ್ಕಾರವನ್ನು ಅಣಕಿಸುವಂತೆ ಕೊಟ್ಟ ಹುದ್ದೆಯೂ ಒಬ್ಬ ಹುಡುಗನನ್ನು ಚರಿತ್ರೆಯೊಳಗೆ ಕರೆತರಬಲ್ಲುದಾದರೆ, ಹುದ್ದೆಯ ಬಗ್ಗೆ ನಮ್ಮ ಆಸಕ್ತಿ ಎಷ್ಟು ಆಳವಾದುದೆಂಬುದು ವ್ಯಕ್ತವಾಗುತ್ತದೆ. ‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಗಾದೆಯನ್ನು ನಾವು ಬಾಳಿಗೆ ಮಾತ್ರವಲ್ಲ, ಆಧಾರಗಳ ಆಯ್ಕೆಗೂ ಅನ್ವಯಿಸಿಕೊಂಡಿರುವಂತಿದೆ.

೩

ಈ ಆಸಕ್ತಿ ಇಂದಿನದಲ್ಲ. ಈಸೂರಿರುವ ತಾಲ್ಲೂಕಿನಲ್ಲಿಯೇ ಇರುವ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನ ಐದನೆಯ ಶತಮಾನದ್ದು. ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ. ಮಯೂರಶರ್ಮನು ವೇದಾಧ್ಯಯನಕ್ಕಾಗಿ ಪಲ್ಲವರ ಕಾಂಚಿಗೆ ಹೋದುದನ್ನು ಅದು ಹೇಳುತ್ತದೆ. ಹೋದವನ ಹೆಸರಿನೊಡನೆ ಜೊತೆಗೆ ಹೋದವನ ಹೆಸರೂ ಅಲ್ಲಿದೆ: ಗುರು ವೀರಶರ್ಮ. ಜೊತೆಗಾರನ ಹೆಸರನ್ನು ಹೇಳುವ ಪದ್ಧತಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. ಜೊತೆಗಾರನಿಗೆ ಸ್ಥಾನವಿದ್ದರೆ ಅವನ ಹೆಸರು ಕಲ್ಲಿನ ಮೇಲೆ ಏರುತ್ತಿತ್ತು.

ಅದೇ ಶಾಸನದಲ್ಲಿ ಕಾಕುಸ್ಥವರ್ಮನ ಪ್ರಶಂಸೆಯಿದೆ. ಸೂರ್ಯನು ಕಿರಣಗಳಿಂದ ತಾವರೆಗಳನ್ನು ಅರಳಿಸುವಂತೆ ಆತನು ತನ್ನ ಹೆಣ್ಣುಮಕ್ಕಳ ಮೂಲಕ ಗುಪ್ತರೇ ಮೊದಲಾದ ರಾಜಕುಲಗಳನ್ನು ಅರಳಿಸಿದನೆಂಬುದು ಅದರ ತಾತ್ಪರ್ಯ. ಈ ಪದ್ಯದ ಮೇಲೆ ನಡೆದಿರುವ ಚರ್ಚೆ ಅಪಾರ. ಯಾವ ಗುಪ್ತರಾಜನೊಡನೆ ಸಂಬಂಧ ಬೆಳೆಯಿತು, ಅದರಿಂದ ಕಾಕುಸ್ಥನ ಕಾಲವನ್ನು ಹೇಗೆ ನಿರ್ಣಯಿಸಬಹುದು, ಕದಂಬರ ರಾಜಕೀಯ ಪ್ರತಿಷ್ಠೆ ಎಷ್ಟಿತ್ತು, ಇವು ಆ ಚರ್ಚೆಯ ವಿಷಯಗಳು. ಆದರೆ ಕಿರಣಗಳೆನಿಸಿದ ಹೆಣ್ಣುಮಕ್ಕಳು ತುಂಗಭದ್ರೆಯ ಆಚೆ, ವಿಂಧ್ಯದ ಆಚೆ ಹೋಗಿ, ತಿಳಿಯದ ನುಡಿಯ ಅಂತಃಪುರಗಳಲ್ಲಿ ಬಾಳಿದರೆಂಬುದನ್ನು ಕುರಿತು ಒಂದು ವಾಕ್ಯವನ್ನಾದರೂ ಕಾಣುವುದು ಕಷ್ಟ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯಂತೆ ಚರಿತ್ರಕಾರನೂ ಅವರನ್ನು ಕೊಟ್ಟು ಕೈತೊಳೆದುಕೊಂಡಿದ್ದಾನೆ.

ಆದರೆ ಅವರ ಹೆಸರುಗಳು ಸಂಪೂರ್ಣವಾಗಿ ಅಳಿದುಹೋದುವೇ? ಇಲ್ಲ. ವಾಕಾಟಕ ವಂಶದ ಎರಡನೆಯ ಪೃಥಿವೀಷೇಣನ ಬಾಲಾಘಾಟ್ ತಾಮ್ರಶಾಸನ ಆತನ ತಾಯಿಯನ್ನು ಹೆಸರಿಸುತ್ತದೆ. ಆಕೆ ಅಜ್ಝಿತಭಟ್ಟಾರಿಕೆ, ನರೇಂದ್ರಸೇನನ ರಾಣಿ, ಕುಂತಲಾಧಿಪತಿಯ ಮಗಳು. ಆಕೆ ಕದಂಬ ರಾಜಕುಮಾರಿ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಇದರಿಂದ ನಮಗೆ ದೊರೆಯುವ ಪಾಠ ಮಹತ್ತ್ವದ್ದು. ತವರಿನ ಕಲ್ಲಿನಲ್ಲಿ ಹೆಣ್ಣುಮಕ್ಕಳು ಹೆಸರಿಲ್ಲದ ಕಿರಣಗಳು. ಸೇರಿದ ನಾಡಿನ ತಾಮ್ರದಲ್ಲಿ ಅಂಥ ಒಬ್ಬಾಕೆಗೆ ಹೆಸರಿದೆ, ಅದೂ ಮಗನ ಕಾಲದಲ್ಲಿ, ಮಗನ ಮೂಲಕ. ಊರು ಬಿಟ್ಟವರನ್ನು ಹುಡುಕಬೇಕಾದುದು ಬಿಟ್ಟ ಊರಿನಲ್ಲಿ ಮಾತ್ರವಲ್ಲ, ಸೇರಿದ ಊರಿನಲ್ಲಿ. ಅವರ ತಲೆಮಾರಿನ ದಾಖಲೆಗಳಲ್ಲಿ ಮಾತ್ರವಲ್ಲ, ಅವರ ಮಕ್ಕಳ ತಲೆಮಾರಿನ ದಾಖಲೆಗಳಲ್ಲಿ.

ತಾಳಗುಂದಕ್ಕೆ ಸಂಬಂಧಿಸಿದ ಇನ್ನೊಂದು ಐತಿಹ್ಯವನ್ನು ಇಲ್ಲಿ ನೆನೆಯಬೇಕು. ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ೩೨ ವಂಶಗಳಿಗೆ ಸೇರಿದ ೧೨,೦೦೦ ಬ್ರಾಹ್ಮಣರನ್ನು ಕರೆತಂದು ಸ್ಥಾಣಗುಂದೂರಿನಲ್ಲಿ, ಎಂದರೆ ತಾಳಗುಂದದಲ್ಲಿ, ನೆಲೆಗೊಳಿಸಿದನೆಂದು ನಂತರದ ಕಾಲದ ಒಂದು ಶಾಸನ ಹೇಳುತ್ತದೆ. ಈ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಇದು ಅಗ್ರಹಾರದ ಪ್ರಾಚೀನತೆಯನ್ನು ಎತ್ತಿಹಿಡಿಯಲು ಹುಟ್ಟಿದ ಕಥೆಯೆಂದರೂ ಅಡ್ಡಿಯಿಲ್ಲ. ನಾವು ಗಮನಿಸಬೇಕಾದುದು ಎಣಿಕೆಯ ರೀತಿಯನ್ನು. ವಂಶ ಲೆಕ್ಕಕ್ಕೆ ಬಂದಿದೆ, ಅಗ್ನಿಹೋತ್ರಿ ಲೆಕ್ಕಕ್ಕೆ ಬಂದಿದ್ದಾನೆ. ಅಗ್ನಿಹೋತ್ರಕ್ಕೆ ಪತ್ನಿ ಇರಲೇಬೇಕೆಂಬ ವಿಧಿಯಿದ್ದರೂ ಪತ್ನಿ ಲೆಕ್ಕಕ್ಕೆ ಬಂದಿಲ್ಲ. ಈ ಐತಿಹ್ಯವನ್ನು ಹೇಳುವ ಶಾಸನ ಕನ್ನಡದಲ್ಲಿದೆ ಎಂಬುದು ಇನ್ನೂ ಸ್ವಾರಸ್ಯಕರ. ಐತಿಹ್ಯದಲ್ಲಿ ಎಳ್ಳಷ್ಟು ನಿಜವಿದ್ದರೂ, ಉತ್ತರದಿಂದ ಬಂದ ಮನೆಗಳಲ್ಲಿ ಯಾವುದೋ ಒಂದು ತಲೆಮಾರಿನ ಮಕ್ಕಳು ಬೀದಿಯ ನುಡಿಯನ್ನು ಮನೆಗೆ ತಂದಿರಬೇಕು. ಇಂದು ಹೊರದೇಶದ ಕನ್ನಡ ಮನೆಗಳಲ್ಲಿ ತಂದೆತಾಯಿಗಳನ್ನು ಕಾಡುವ ವಿಷಯ ಇದೇ. ಒಂದು ದಿಕ್ಕಿನಲ್ಲಿ ನಾವು ಇದನ್ನು ನಷ್ಟವೆನ್ನುತ್ತೇವೆ, ಇನ್ನೊಂದು ದಿಕ್ಕಿನಲ್ಲಿ ಸಂಸ್ಕೃತಿಯ ಸಮನ್ವಯವೆನ್ನುತ್ತೇವೆ. ನಡೆದ ಕ್ರಿಯೆ ಮಾತ್ರ ಒಂದೇ, ಅದನ್ನು ನಡೆಸಿದವರು ಮಕ್ಕಳು.

೪

ಸಂಗಾತಿಯ ಉದ್ಯೋಗಕ್ಕೂ ಹೆಂಡತಿಯ ಬಾಳಿಗೂ ಇದ್ದ ಸಂಬಂಧವನ್ನು ಇನ್ನೊಂದು ಬದಿಯಿಂದ ತೋರಿಸುವ ಶಾಸನ ಇದೇ ಸೀಮೆಯ ಬಂದಳಿಕೆಯಲ್ಲಿದೆ. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ, ಹತ್ತನೆಯ ಶತಮಾನದ ಆದಿಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡನು. ಆ ಹುದ್ದೆಯನ್ನು ಅರಸನು ಆತನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟನು. ಹೆಣ್ಣಾದರೂ ತನ್ನ ಪರಾಕ್ರಮದಿಂದ ನಾಡನ್ನು ಕಾಪಾಡಿದಳೆಂದು ಶಾಸನ ಆಕೆಯನ್ನು ಹೊಗಳುತ್ತದೆ. ರೋಗ ಬಾಧಿಸಿದಾಗ ಆಕೆ ಮಗಳನ್ನು ಕರೆಸಿ, ತನ್ನ ಹೊಣೆಯನ್ನು ಆಕೆಗೆ ಒಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟಳು.

ಈ ಶಾಸನವನ್ನು ಪ್ರಾಚೀನ ಕರ್ನಾಟಕದಲ್ಲಿ ಸ್ತ್ರೀಯರಿಗಿದ್ದ ಉನ್ನತ ಸ್ಥಾನಕ್ಕೆ ನಿದರ್ಶನವೆಂದು ಉದಾಹರಿಸುವುದು ರೂಢಿಯಾಗಿದೆ. ಅದು ಸರಿಯೇ, ಆದರೆ ಅಷ್ಟಕ್ಕೆ ನಿಂತರೆ ಶಾಸನವನ್ನು ಅರ್ಧ ಓದಿದಂತಾಗುತ್ತದೆ. ಜಕ್ಕಿಯಬ್ಬೆ ಹುದ್ದೆಗೆ ಬಂದ ಮರುದಿನವೇ ನಾಡನ್ನಾಳುವ ಸಾಮರ್ಥ್ಯ ಆಕೆಗೆ ಹುಟ್ಟಿರಲಾರದು. ಗಂಡನ ಕಾಲದಲ್ಲಿಯೇ ಆಕೆ ನಾಡಿನ ವ್ಯವಹಾರವನ್ನು ಬಲ್ಲವಳಾಗಿದ್ದಿರಬೇಕು. ಇಲ್ಲವಾದರೆ ಅರಸ ಆಕೆಗೆ ಹುದ್ದೆಯನ್ನು ಕೊಡುವಂತಿರಲಿಲ್ಲ. ಎಂದರೆ, ಸತ್ತರಸನ ಹುದ್ದೆ ಹೆಸರಿಗೆ ಒಬ್ಬನದಾದರೂ ದುಡಿಮೆಯಲ್ಲಿ ಇಬ್ಬರದಾಗಿತ್ತು. ಆತ ಸತ್ತುದರಿಂದ ಆಕೆಯ ಪಾಲು ನಮಗೆ ಕಾಣಿಸಿತು. ಆತ ಬದುಕಿದ್ದರೆ ಆಕೆ ‘ಕುಟುಂಬ’ವಾಗಿಯೇ ಉಳಿಯುತ್ತಿದ್ದಳು.

ಸಮಾಜಶಾಸ್ತ್ರಜ್ಞೆ ಹನ್ನಾ ಪಾಪನೆಕ್ ೧೯೭೩ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇಂಥದನ್ನೇ ‘ಇಬ್ಬರು ನಡೆಸುವ ಒಂದು ವೃತ್ತಿ’ ಎಂಬರ್ಥದ ಹೆಸರಿನಿಂದ ಕರೆದರು. ಸಂಸ್ಥೆ ಸಂಬಳ ಕೊಡುವುದು ಗಂಡನೊಬ್ಬನಿಗೆ. ಆದರೆ ಅತಿಥಿಸತ್ಕಾರ, ಸಂಬಂಧಗಳ ಪೋಷಣೆ, ಮನೆಮಕ್ಕಳ ಹೊಣೆ ಇವುಗಳ ಮೂಲಕ ಹೆಂಡತಿಯ ದುಡಿಮೆಯನ್ನೂ ಅದು ಪಡೆಯುತ್ತದೆ ಎಂಬುದು ಅವರ ವಿವೇಚನೆ. ಹಿಲರಿ ಕ್ಯಾಲನ್ ಮತ್ತು ಶರ್ಲಿ ಆರ್ಡನರ್ ೧೯೮೪ರಲ್ಲಿ ಸಂಪಾದಿಸಿದ ಗ್ರಂಥ ಗಂಡನ ಸಂಸ್ಥೆಯೊಳಗೆ ಹೀಗೆ ಸೇರಿಹೋಗುವ ಹೆಂಡತಿಯನ್ನೇ ವಿಷಯವಾಗಿ ಉಳ್ಳದ್ದು. ಈ ವಿವೇಚನೆ ನಮಗೆ ಹೊರಗಿನಿಂದ ಬಂದ ಹೊಸ ವಸ್ತುವೆಂದು ತಿಳಿಯಬೇಕಾಗಿಲ್ಲ. ಬಂದಳಿಕೆಯ ಕಲ್ಲು ಸಾವಿರ ವರ್ಷಗಳ ಹಿಂದೆಯೇ ಅದಕ್ಕೆ ಸಾಮಗ್ರಿಯನ್ನು ಒದಗಿಸಿತ್ತು.

ಇಲ್ಲಿ ಇನ್ನೊಂದು ಮಾತನ್ನು ಹೇಳದಿರಲಾರೆವು. ಶಿಕಾರಿಪುರ, ಸೊರಬ ತಾಲ್ಲೂಕುಗಳು ವೀರಗಲ್ಲು ಮಾಸ್ತಿಕಲ್ಲುಗಳಿಗೆ ಹೆಸರಾದ ಪ್ರದೇಶ. ಸತ್ತ ಗಂಡನೊಡನೆ ಚಿತೆಯನ್ನೇರಿದವಳ ಕಲ್ಲಿನಲ್ಲಿ ಬಳೆ ತೊಟ್ಟ ತೋಳನ್ನು ಎತ್ತಿ ತೋರಿಸಿ ಸಮಾಜ ಆಕೆಯನ್ನು ಪೂಜಿಸಿತು. ಆ ಕ್ರಿಯೆಗೆ ನಮ್ಮವರು ಕೊಟ್ಟ ಹೆಸರು ‘ಸಹಗಮನ’, ಎಂದರೆ ಜೊತೆಗೆ ಹೋಗುವುದು. ಸತ್ತವನ ಜೊತೆಗೆ ಹೋದವಳಿಗೆ ಕಲ್ಲು ನಿಂತಿತು. ಬದುಕಿದ್ದವನ ಜೊತೆಗೆ, ಕಂಕುಳಲ್ಲಿ ಕೂಸನ್ನಿರಿಸಿಕೊಂಡು, ಕಾಣದ ನಾಡಿಗೆ ಹೋಗಿ ಅಲ್ಲಿ ಒಲೆ ಹೂಡಿದವಳಿಗೆ ಒಂದು ಪದವೂ ಹುಟ್ಟಲಿಲ್ಲ.

೫

ಈ ಶಾಸನಗಳು ನಮ್ಮ ಕೈಗೆ ಬಂದ ಬಗೆಯಲ್ಲಿಯೂ ಇದೇ ಕಥೆ ಅಡಗಿದೆ. ಶಿಕಾರಿಪುರದ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟ ೧೯೦೨ರಲ್ಲಿಯೂ, ಸೊರಬದ ಶಾಸನಗಳನ್ನೊಳಗೊಂಡ ಎಂಟನೆಯ ಸಂಪುಟ ೧೯೦೪ರಲ್ಲಿಯೂ ಪ್ರಕಟವಾದುವು. ಸಂಪಾದಕರು ಬಿ. ಎಲ್. ರೈಸ್. ಅವರು ೧೮೩೭ರಲ್ಲಿ ಹುಟ್ಟಿದುದು ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ೧೮೬೦ರಲ್ಲಿ ಅವರು ಹುಟ್ಟಿದ ಊರಿಗೆ ಮರಳಿದರು. ಕನ್ನಡ ಸಾಹಿತ್ಯಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರ ಸಹೋದರರು. ಸ್ಪಷ್ಟವಾಗಿ ಹೇಳುವುದಾದರೆ, ಈಸೂರು ಸೀಮೆಯ ಶಾಸನಗಳನ್ನು ಲೋಕಕ್ಕೆ ಕೊಟ್ಟ ವಿದ್ವಾಂಸರು ಗಂಡನ ಉದ್ಯೋಗನಿಮಿತ್ತ ಪರದೇಶಕ್ಕೆ ಬಂದ ಒಂದು ಸಂಸಾರದ ಮಗು. ಅವರ ತಂದೆಯ ಹುದ್ದೆಯೂ ಸಂಸ್ಥೆಯೂ ನಮ್ಮ ತರಗತಿಗಳಲ್ಲಿ ಪ್ರಸ್ತಾಪವಾಗುತ್ತವೆ. ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣಮಾಡಿ ಬಂದು, ಪರಿಚಯವಿಲ್ಲದ ಊರಿನಲ್ಲಿ ಅವರನ್ನು ಹೆತ್ತ ತಾಯಿಯ ಮಾತು ಬರುವುದಿಲ್ಲ.

ಬಾಸೆಲ್ ಮಿಷನ್ನಿನವರ ವಿಷಯದಲ್ಲಿ ಆಧಾರಗಳು ಇನ್ನೂ ವಿಪುಲವಾಗಿವೆ. ೧೮೫೩ರಲ್ಲಿ ಕನ್ನಡನಾಡಿಗೆ ಬಂದ ಫರ್ಡಿನಂಡ್ ಕಿಟೆಲರ ಮೊದಲ ಪತ್ನಿ ಪೌಲೀನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಬಳಿಕ ಕಿಟೆಲರು ಆಕೆಯ ಸೋದರಿ ಯೂಲಿಯವರನ್ನು ಮದುವೆಯಾದರು. ೧೮೯೪ರ ನಿಘಂಟನ್ನು ದಿನವೂ ತೆರೆಯುವ ನಾವು ಅದರ ಹಿಂದಿರುವ ಈ ಸಂಸಾರವನ್ನು ನೆನೆಯುವುದು ಅಪೂರ್ವ. ಮಿಷನ್ನಿನ ಪಾದ್ರಿಗಳ ವಧುಗಳು ಬಹುಮಟ್ಟಿಗೆ ಪರಿಚಯವೇ ಇಲ್ಲದ ವರನನ್ನು ಸೇರಲು ಸಮುದ್ರ ದಾಟಿ ಬರುತ್ತಿದ್ದರು. ಅವರಿಗೆ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬಂದೊಡನೆ ಬಾಸೆಲಿನ ಮಕ್ಕಳ ಮನೆಗೆ ಕಳುಹಿಸಬೇಕೆಂಬ ಕಟ್ಟಲೆ ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಜಾರಿಗೆ ಬಂದಿತು. ತಂದೆಯ ಉದ್ಯೋಗ ಮೊದಲು ತಾಯಿಯನ್ನು ದೇಶದಿಂದ ಅಗಲಿಸಿತು, ಅನಂತರ ಮಕ್ಕಳನ್ನು ತಾಯಿಯಿಂದ ಅಗಲಿಸಿತು. ಜರ್ಮನ್ ವಿದುಷಿ ಡಾಗ್ಮಾರ್ ಕೋನ್ರಾಡ್ ಈ ಮಿಷನ್ ವಧುಗಳನ್ನು ಕುರಿತ ತಮ್ಮ ಗ್ರಂಥವನ್ನು ೨೦೦೧ರಲ್ಲಿ ಪ್ರಕಟಿಸಿದರು. ಹೀಗೆ ಇದೇ ವಿಷಯದ ಮೇಲೆ ಪ್ರೌಢಗ್ರಂಥ ಬರೆಯಲು ಸಾಕಾಗುವಷ್ಟು ಕಾಗದಪತ್ರಗಳು ಒಂದು ಕಡೆ ಉಳಿದಿವೆ. ಆಧಾರವಿಲ್ಲವೆಂಬ ಸಮಾಧಾನವನ್ನು ನಾವು ಸುಲಭವಾಗಿ ಹೇಳಿಕೊಳ್ಳುವಂತಿಲ್ಲ.

೬

ಈಗ ಸಮೀಪಕಾಲಕ್ಕೆ ಬರೋಣ. ಅಮೆರಿಕ ಸಂಯುಕ್ತ ಸಂಸ್ಥಾನದ ೧೯೬೫ರ ವಲಸೆ ಕಾನೂನು ಏಷ್ಯದ ಸುಶಿಕ್ಷಿತರಿಗೆ ಬಾಗಿಲನ್ನು ತೆರೆದ ಮೇಲೆ ಕನ್ನಡನಾಡಿನ ವೈದ್ಯರೂ ಇಂಜಿನಿಯರುಗಳೂ ಹೆಚ್ಚು ಹೆಚ್ಚಾಗಿ ಅತ್ತ ಹೋದರು. ೧೯೯೦ರ ಕಾನೂನಿನಿಂದ ಎಚ್-೧ಬಿ ಎಂಬ ವರ್ಗ ಏರ್ಪಟ್ಟ ಬಳಿಕ ಗಣಕಯಂತ್ರದ ಕೆಲಸ ಬಲ್ಲ ತರುಣರು ಬಹುಸಂಖ್ಯೆಯಲ್ಲಿ ಹೊರಟರು. ಅವರ ಸಂಗಾತಿಗೂ ಮಕ್ಕಳಿಗೂ ದೊರೆತುದು ಎಚ್-೪ ಎಂಬ ಅವಲಂಬಿತರ ವರ್ಗ. ಆ ವರ್ಗದಲ್ಲಿ ಹೋದವರು ಎಷ್ಟೇ ಓದಿದ್ದರೂ ಸಂಬಳಕ್ಕೆ ದುಡಿಯುವಂತಿರಲಿಲ್ಲ. ೨೦೧೫ರ ಮೇ ತಿಂಗಳಿನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಕೆಲವರಿಗೆ, ಎಂದರೆ ಸಂಗಾತಿಯ ಶಾಶ್ವತ ವಾಸದ ಅರ್ಜಿ ಒಂದು ಹಂತವನ್ನು ದಾಟಿದ್ದವರಿಗೆ, ಕೆಲಸದ ಪರವಾನಗಿ ಕೇಳುವ ಅವಕಾಶ ಲಭಿಸಿತು. ಮಕ್ಕಳಿಗೆ ೨೧ ವರ್ಷ ತುಂಬಿದರೆ ಅವರ ಅವಲಂಬಿತ ಸ್ಥಿತಿ ಮುಗಿಯುತ್ತದೆ. ನಡೆಯಲು ಕಲಿಯುವ ವಯಸ್ಸಿನಲ್ಲಿ ಹೋಗಿ ಅಲ್ಲಿಯೇ ಬೆಳೆದವರೂ ಆಗ ಬೇರೆ ವರ್ಗವನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಬ್ರಿಟನ್ನಿನಲ್ಲಿ ೨೦೨೪ರ ಮಾರ್ಚ್ ತಿಂಗಳಿನಿಂದ ಆರೈಕೆಯ ಕೆಲಸಕ್ಕೆ ಹೊಸದಾಗಿ ಬರುವವರು ಸಂಗಾತಿಯನ್ನೂ ಮಕ್ಕಳನ್ನೂ ಕರೆತರುವಂತಿಲ್ಲವೆಂಬ ನಿಯಮ ಬಂದಿತು. ಆ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ಹೆಂಗಸರೇ ಬಹಳ. ಒಂದು ಕಡೆ ಜೊತೆಗೆ ಹೋದವಳು ಮನೆಯಲ್ಲಿ ಕೂಡಬೇಕಾಯಿತು. ಇನ್ನೊಂದು ಕಡೆ ದುಡಿಯಲು ಹೋದವಳು ಮಕ್ಕಳನ್ನು ಬಿಟ್ಟು ಹೋಗಬೇಕಾಯಿತು.

ಇಂಥ ಕಾನೂನುಗಳ ವಿವರ ಗ್ರಾಮಚರಿತ್ರೆಗೆ ಏಕೆಂದು ಕೇಳಬಹುದು. ಊರಿನ ಒಬ್ಬ ಹೆಣ್ಣುಮಗಳು ಸ್ನಾತಕೋತ್ತರ ಪದವಿ ಪಡೆದು, ಕೆಲಸದಲ್ಲಿದ್ದು, ಮದುವೆಯಾಗಿ ಹೊರದೇಶ ಸೇರಿ, ಹತ್ತು ವರ್ಷ ಕೆಲಸವಿಲ್ಲದೆ ಉಳಿದರೆ ಅದಕ್ಕೆ ಕಾರಣ ಆಕೆಯ ಸ್ವಭಾವವಲ್ಲ, ಆಕೆಯ ಹೆಸರಿನ ಮುಂದೆ ಬಿದ್ದ ಒಂದು ಅಕ್ಷರ ಮತ್ತು ಒಂದು ಅಂಕಿ. ‘ಸಕುಟುಂಬವಾಗಿ ನೆಲೆಸಿರುವರು’ ಎಂದು ಬರೆಯುವ ವಿದ್ಯಾರ್ಥಿ ಈ ಅಕ್ಷರವನ್ನೂ ಅಂಕಿಯನ್ನೂ ಅರಿಯದೆಯೇ ಒಪ್ಪಿಕೊಂಡಂತಾಗುತ್ತದೆ. ವಿದೇಶದ ವಲಸೆ ಕಚೇರಿ ಆಕೆಯನ್ನು ‘ಅವಲಂಬಿತೆ’ ಎಂದಿತು, ನಾವು ‘ಕುಟುಂಬ’ ಎಂದೆವು. ಪದ ಬೇರೆ, ಕೆಲಸ ಒಂದೇ.

ನಮ್ಮ ದೇಶದ ಜನಗಣತಿಯೂ ಇದಕ್ಕೆ ಹೊರತಲ್ಲ. ವಲಸೆಯ ಕಾರಣವನ್ನು ಕೇಳುವ ಪ್ರಶ್ನೆ ೧೯೮೧ರ ಗಣತಿಯಲ್ಲಿ ಬಂದಿತು. ಉದ್ಯೋಗ, ವಿದ್ಯಾಭ್ಯಾಸ, ಮದುವೆ ಇವುಗಳ ಜೊತೆಗೆ ಸಂಸಾರ ಸ್ಥಳಾಂತರಗೊಂಡುದು ಎಂಬುದೂ ಒಂದು ಕಾರಣವಾಗಿ ಅಂಕಣದಲ್ಲಿ ಸೇರಿತು. ೨೦೦೧ ಮತ್ತು ೨೦೧೧ರ ಗಣತಿಗಳಲ್ಲಿ ಅದು ‘ಮನೆಯವರೊಡನೆ ಬಂದುದು’ ಎಂಬ ರೂಪ ತಾಳಿತು. ಹೆಂಗಸರ ವಲಸೆಗೆ ಅತಿ ಹೆಚ್ಚಾಗಿ ನಮೂದಾದ ಕಾರಣ ಮದುವೆ. ಇಲ್ಲಿ ತರ್ಕದೋಷವಿದೆಯೆಂದು ನಮಗೆ ತೋರುತ್ತದೆ. ಮನೆಯವರೊಡನೆ ಬರುವುದು ವಲಸೆಯ ರೀತಿಯೇ ಹೊರತು ಕಾರಣವಲ್ಲ. ಒಬ್ಬಾಕೆ ಕೆಲಸ ಬಿಟ್ಟು ಬಂದಳೋ, ಬಂದು ಕೆಲಸ ಹುಡುಕಿದಳೋ, ಮಕ್ಕಳ ಓದಿಗಾಗಿ ಗಂಡನಿಗೆ ವರ್ಗ ಮಾಡಿಸಿಕೊಳ್ಳಲು ಆಕೆಯೇ ಹೇಳಿದಳೋ, ಈ ಮೂರೂ ಒಂದೇ ಅಂಕಣದಲ್ಲಿ ಸಮನಾಗಿಬಿಡುತ್ತವೆ. ಹೊರದೇಶಕ್ಕೆ ಹೋಗಿ ನೆಲೆಸಿದವರಂತೂ ಈ ಗಣತಿಯ ಲೆಕ್ಕಕ್ಕೇ ಬರುವುದಿಲ್ಲ. ಪಾಸ್‌ಪೋರ್ಟಿನಲ್ಲಿಯೂ ಎಳೆಯ ಮಕ್ಕಳಿಗೆ ಹಿಂದೆ ಪ್ರತ್ಯೇಕ ಪುಸ್ತಕವಿಲ್ಲದೆ, ತಂದೆಯ ಅಥವಾ ತಾಯಿಯ ಪುಸ್ತಕದಲ್ಲಿ ಹೆಸರನ್ನು ಸೇರಿಸುವ ಪದ್ಧತಿಯಿತ್ತು. ತಾಳಗುಂದದ ಐತಿಹ್ಯದ ವಂಶಗಣನೆಗೂ ಇದಕ್ಕೂ ತತ್ತ್ವದಲ್ಲಿ ಹೆಚ್ಚು ಅಂತರವಿಲ್ಲ.

ಆದರೆ ಅಜ್ಝಿತಭಟ್ಟಾರಿಕೆಯ ನಿದರ್ಶನದಿಂದ ನಾವು ಕಲಿತ ಪಾಠ ಇಲ್ಲಿಯೂ ಸಲ್ಲುತ್ತದೆ. ಸೇರಿದ ನಾಡಿನ ದಾಖಲೆಗಳನ್ನು ನೋಡಬೇಕು. ಶಿಕಾರಿಪುರದ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ್ದ ಹರಿಹರೇಶ್ವರ ಅವರು ವೃತ್ತಿಯಿಂದ ಇಂಜಿನಿಯರು. ಅವರೂ ಅವರ ಪತ್ನಿ ನಾಗಲಕ್ಷ್ಮಿ ಹರಿಹರೇಶ್ವರ ಅವರೂ ಅಮೆರಿಕದಲ್ಲಿ ದೀರ್ಘಕಾಲ ನೆಲೆಸಿ ‘ಅಮೆರಿಕನ್ನಡ’ವೆಂಬ ಪತ್ರಿಕೆಯನ್ನು ನಡೆಸಿದರು; ಕೊನೆಗೆ ಮೈಸೂರಿಗೆ ಮರಳಿದರು. ಹರಿಹರೇಶ್ವರರು ೨೦೧೦ರಲ್ಲಿ ತೀರಿಕೊಂಡರು. ಗಂಡನ ಉದ್ಯೋಗ ಒಂದು ದಾಖಲೆಯನ್ನು ಸೃಷ್ಟಿಸಿರಬಹುದು. ಪತ್ರಿಕೆಯೆಂಬುದು ಬೇರೊಂದು ದಾಖಲೆ. ಅದರಲ್ಲಿ ದಂಪತಿಗಳಿಬ್ಬರಿಗೂ ಹೆಸರಿದೆ. ಏಕೆಂದರೆ ಅದನ್ನು ಕಟ್ಟಿದವರು ಅವರೇ, ಸಂಬಳ ಕೊಟ್ಟ ಸಂಸ್ಥೆಯಲ್ಲ. ಅಮೆರಿಕದ ಕನ್ನಡ ಕೂಟಗಳು, ವಾರದ ಕೊನೆಯಲ್ಲಿ ನಡೆಯುವ ಕನ್ನಡ ತರಗತಿಗಳು, ೨೦೦೦ದಲ್ಲಿ ಹ್ಯೂಸ್ಟನ್ ನಗರದಲ್ಲಿ ನಡೆದ ಸಮ್ಮೇಳನದಿಂದ ಮೊದಲ್ಗೊಂಡು ‘ಅಕ್ಕ’ ಒಕ್ಕೂಟ ನಡೆಸಿದ ಸಮ್ಮೇಳನಗಳು, ಇವುಗಳ ಸ್ಮರಣಸಂಚಿಕೆಗಳೂ ವರದಿಗಳೂ ಹಾಜರಿಪುಸ್ತಕಗಳೂ ಈ ದೃಷ್ಟಿಯಿಂದ ಶಾಸನಗಳಷ್ಟೇ ಗಣ್ಯವಾದ ಆಧಾರಗಳು. ಅಡುಗೆಗೆ ಯಾರು ನಿಂತರು, ನಾಟಕಕ್ಕೆ ಮಕ್ಕಳನ್ನು ಯಾರು ಸಿದ್ಧಗೊಳಿಸಿದರು, ಅಕ್ಷರಮಾಲೆಯನ್ನು ಯಾರು ಕಲಿಸಿದರು ಎಂಬುದು ಹುದ್ದೆಯ ಪಟ್ಟಿಯಲ್ಲಿ ಸಿಗದು. ಇಂಥ ಕಾಗದಗಳಲ್ಲಿ ಸಿಗುತ್ತದೆ.

೭

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಜೊತೆಗೆ ಹೋದವರಲ್ಲಿ ಬಹುಮಂದಿ ಸಂತೋಷದಿಂದಲೇ ಹೋದರು, ಅವರನ್ನು ನೊಂದವರೆಂದು ಚಿತ್ರಿಸುವುದು ನ್ಯಾಯವಲ್ಲ. ಈ ಮಾತು ಒಪ್ಪತಕ್ಕದ್ದೇ. ಆದರೆ ನಾವು ಕೇಳುತ್ತಿರುವುದು ಅವರಿಗಾಗಿ ಮರುಕವನ್ನಲ್ಲ, ಅವರಿಗೆ ಕರ್ತೃಸ್ಥಾನವನ್ನು. ಸಂತೋಷದಿಂದ ಹೋದವಳೂ ತಾನೇ ನಿರ್ಧರಿಸಿ ಹೋದವಳು. ‘ಸಕುಟುಂಬ’ವೆಂಬ ಕ್ರಿಯಾವಿಶೇಷಣ ಆಕೆಯ ನೋವನ್ನು ಮುಚ್ಚುವಂತೆಯೇ ಆಕೆಯ ಸಂಕಲ್ಪವನ್ನೂ ಮುಚ್ಚುತ್ತದೆ. ಹೆಂಡತಿಯ ಉದ್ಯೋಗನಿಮಿತ್ತ ಗಂಡ ಜೊತೆಗೆ ಹೋದ ಸಂಸಾರಗಳಲ್ಲಿಯಂತೂ ಈ ಲೋಪ ಇನ್ನೂ ವಿಚಿತ್ರವಾಗುತ್ತದೆ. ಶುಶ್ರೂಷಕಿಯರಾಗಿ ಕೊಲ್ಲಿ ನಾಡುಗಳಿಗೂ ಬ್ರಿಟನ್ನಿಗೂ ಹೋದವರ ಗಂಡಂದಿರನ್ನು ಊರಿನ ಪಟ್ಟಿಗಳು ಅನೇಕ ವೇಳೆ ಮುಖ್ಯರೆಂದೇ ತೋರಿಸುತ್ತವೆ. ಅಂಥಲ್ಲಿ ಹುದ್ದೆಯನ್ನು ಹಿಂಬಾಲಿಸುವ ನಮ್ಮ ನಿಯಮವನ್ನೂ ನಾವು ಪಾಲಿಸಿದಂತಾಗುವುದಿಲ್ಲ.

ಎರಡನೆಯ ಆಕ್ಷೇಪ ಮಕ್ಕಳ ವಿಷಯದ್ದು: ಮಕ್ಕಳಿಗೆ ಸ್ವಂತ ನಿರ್ಧಾರವಿಲ್ಲ, ಆದುದರಿಂದ ಅವರಿಗೆ ಪ್ರತ್ಯೇಕ ಚರಿತ್ರೆಯೂ ಇಲ್ಲ. ಇದನ್ನು ಒಪ್ಪಲಾಗದು. ನಿರ್ಧಾರದಲ್ಲಿ ಪಾಲಿಲ್ಲದವರು ಅದರ ಫಲವನ್ನು ಎಲ್ಲರಿಗಿಂತ ದೀರ್ಘಕಾಲ ಅನುಭವಿಸುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಅವರು ೧೯೫೦ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ ಸಂಸಾರಗಳನ್ನು ಅಭ್ಯಸಿಸಿದರು. ತಂದೆತಾಯಿಗಳ ಉದ್ಯೋಗದ ದೆಸೆಯಿಂದ ಎರಡು ಸಂಸ್ಕೃತಿಗಳ ನಡುವೆ ಬೆಳೆಯುವ ಮಕ್ಕಳು ಮೂರನೆಯದೊಂದು ಸಂಸ್ಕೃತಿಗೆ ಸೇರಿದವರಾಗುತ್ತಾರೆಂಬ ವಿಚಾರ ಅವರ ಆ ಅಧ್ಯಯನದಿಂದ ಬೆಳೆಯಿತು. ಭಾರತದ ನೆಲದಲ್ಲಿ ಪರದೇಶದ ಮಕ್ಕಳನ್ನು ನೋಡಿ ಹುಟ್ಟಿದ ವಿಚಾರವನ್ನು ಪರದೇಶದಲ್ಲಿ ನೆಲೆಸಿದ ಭಾರತದ ಮಕ್ಕಳಿಗೆ ಅನ್ವಯಿಸಿ ನೋಡುವುದು ನಮ್ಮ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕಾರ್ಯ. ಶಾಲೆ ಬಿಟ್ಟಾಗ ಕೊಡುವ ವರ್ಗಾವಣೆ ಪತ್ರ ಈ ಕಾರ್ಯಕ್ಕೆ ಒಳ್ಳೆಯ ಆಧಾರ. ಹೊರಟಾಗ ಮಗುವಿಗೆ ಎಷ್ಟು ವಯಸ್ಸು, ಯಾವ ತರಗತಿ, ಯಾವ ನುಡಿಯಲ್ಲಿ ಓದುತ್ತಿತ್ತು ಎಂಬುದನ್ನು ಅದು ತಿಳಿಸುತ್ತದೆ. ನಾಲ್ಕು ವರ್ಷದ ಮಗುವಿನ ವಲಸೆಯೂ ಹದಿನಾಲ್ಕು ವರ್ಷದ ಮಗುವಿನ ವಲಸೆಯೂ ಒಂದಲ್ಲವೆಂಬುದು ಆ ಪತ್ರದಿಂದಲೇ ಗೋಚರವಾಗುತ್ತದೆ.

೮

ಇಷ್ಟರಿಂದ ಫಲಿಸುವ ಸೂಚನೆಗಳು ಸರಳವಾದುವು. ಗ್ರಾಮಚರಿತ್ರೆಯ ಕಡೆಯ ಅಧ್ಯಾಯವನ್ನು ಬರೆಯುವ ವಿದ್ಯಾರ್ಥಿ ಊರು ಬಿಟ್ಟ ಪ್ರತಿಯೊಂದು ಸಂಸಾರದ ವಿಷಯದಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಹೋದವರು ಯಾರು ಯಾರು, ಅವರ ಹೆಸರೇನು? ಜೊತೆಗೆ ಹೋದವರು ಇಲ್ಲಿ ಏನನ್ನು ಬಿಟ್ಟು ಹೋದರು? ಮಕ್ಕಳು ಯಾವ ವಯಸ್ಸಿನಲ್ಲಿ, ಯಾವ ತರಗತಿಯಿಂದ ಹೋದರು? ಸೇರಿದ ನಾಡಿನಲ್ಲಿ ಅವರು ತಾವಾಗಿ ಸೃಷ್ಟಿಸಿದ ದಾಖಲೆಗಳಾವುವು? ಬದುಕಿರುವವರ ಹೆಸರುಗಳನ್ನು ಅವರ ಒಪ್ಪಿಗೆಯಿಲ್ಲದೆ ಅಚ್ಚುಮಾಡಬಾರದೆಂಬುದು ಬೇರೆ ಮಾತು. ಹೆಸರನ್ನು ಕೇಳಿ ತಿಳಿದು ಬಿಡುವುದಕ್ಕೂ, ಕೇಳದೆಯೇ ಬಿಡುವುದಕ್ಕೂ ಅಂತರವಿದೆ.

ಈಸೂರಿನ ಛಲವನ್ನು ಸ್ಮರಿಸುವವರಿಗೆ ಊರು ಬಿಟ್ಟವರ ವಿಷಯದಲ್ಲಿ ಒಂದು ಬಗೆಯ ಸಂಕೋಚ ಉಂಟಾಗುವುದು ಸಹಜ. ಊರನ್ನು ಕೊಡೆವೆಂದವರ ಮೊಮ್ಮಕ್ಕಳೇ ಊರು ಬಿಟ್ಟು ಹೋದರೆ ಆ ಪ್ರತಿಜ್ಞೆಗೆ ಏನರ್ಥ ಎಂದು ಕೇಳುವವರಿದ್ದಾರೆ. ೧೯೪೨ರಲ್ಲಿ ಆ ಜನ ಕೊಡಲೊಲ್ಲೆವೆಂದುದು ಮಣ್ಣನ್ನಷ್ಟೇ ಅಲ್ಲ, ತಮ್ಮ ವಿಷಯವನ್ನು ತಾವೇ ನಿರ್ಧರಿಸುವ ಅಧಿಕಾರವನ್ನು ಎಂದು ನಾವು ತಿಳಿಯುತ್ತೇವೆ. ಊರು ಬಿಟ್ಟು ಹೋಗುವ ಸಂಸಾರವನ್ನೂ ಇದೇ ಅಳತೆಯಿಂದ ಅಳೆಯುವುದು ನ್ಯಾಯ. ನಿರ್ಧಾರ ಯಾರದು, ಅದರಲ್ಲಿ ಯಾರಿಗೆ ಎಷ್ಟು ಪಾಲು, ಯಾರ ಹೆಸರಿನಲ್ಲಿ ಅದು ಬರೆಯಲ್ಪಟ್ಟಿತು ಎಂಬುದನ್ನು ಕೇಳದ ಹೊರತು ನಿಂತವರ ಚರಿತ್ರೆಯಾಗಲಿ ಹೋದವರ ಚರಿತ್ರೆಯಾಗಲಿ ಪೂರ್ಣವಾಗುವುದಿಲ್ಲ. ಮುಂದಿನ ಗ್ರಾಮಚರಿತ್ರೆಗಳಲ್ಲಿ ‘ಸಕುಟುಂಬವಾಗಿ’ ಎಂಬ ಪದ ಬರುವ ಕಡೆಯಲ್ಲೆಲ್ಲ ವಿದ್ಯಾರ್ಥಿಗಳು ಲೇಖನಿಯನ್ನು ನಿಲ್ಲಿಸಿ, ಆ ಪದವನ್ನು ಬಿಡಿಸಿ, ಅದರೊಳಗಿರುವ ಒಬ್ಬೊಬ್ಬರನ್ನೂ ವಿಚಾರಿಸುವಂತಾದರೆ ಈ ಲೇಖನದ ಉದ್ದೇಶ ಸಾರ್ಥಕವಾದಂತೆ.